ನಾಯಿಯ ಮಾತೃಭಾಷೆ

ನಮ್ಮ ಕೊಡಗಿನಲ್ಲಿ ದಿನಾ ಎಲ್ಲೋ ಒಂದು ನಾಯಿ ದಾರಿ ತಪ್ಪುತ್ತದೆ. ಅದನ್ನು ಹುಡುಕಲು ಹೊರಟ ಮನುಷ್ಯರು ಅದಕ್ಕಿಂತ ಜಾಸ್ತಿ ದಾರಿ ತಪ್ಪುತ್ತಾರೆ. ಇದು ನಿಲ್ಲುವ ಕಥೆಯಲ್ಲ. ನಾನು ಕಂಡಿದ್ದರಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಎಲ್ಲ ಹೇಳಿದರೆ ನೀವು ನಂಬುವುದಿಲ್ಲ.

ಸುಂಟಿಕೊಪ್ಪದಿಂದ ಸ್ವಲ್ಪ ಆಚೆ, ಕಾಫಿ ತೋಟಗಳ ನಡುವೆ ಒಂದು ಹಳೇ ದೊಡ್ಡಿ ಇತ್ತು. ಹಿಂದಿನ ಕಾಲದಲ್ಲಿ ಯಾರದ್ದಾದರೂ ದನ ಇನ್ನೊಬ್ಬರ ಗದ್ದೆಗೆ ನುಗ್ಗಿ ಪೈರು ಮೇಯ್ದರೆ ಅದನ್ನು ಹೊಡೆದುಕೊಂಡು ಬಂದು ಕೂಡಿಹಾಕುತ್ತಿದ್ದ ಜಾಗ. ನಾಲ್ಕು ಕಲ್ಲಿನ ಗೋಡೆ, ಒಂದು ಗೇಟು. ದನಗಳೇ ಕಡಿಮೆಯಾಗಿ ದೊಡ್ಡಿ ಪಾಳು ಬಿದ್ದಾಗ, ನಿವೃತ್ತಿಯಾದ ಪಶುವೈದ್ಯೆಯೊಬ್ಬರು ಅದನ್ನು ಕೇಳಿ ಪಡೆದು, ಮೇಲೆ ಶೀಟು ಹೊದಿಸಿ, ದಿಕ್ಕಿಲ್ಲದ ಪ್ರಾಣಿಗಳಿಗೆ ಆಸರೆ ಮಾಡಿದರು. ಬೋರ್ಡಿನಲ್ಲಿ ಏನೋ ಚಂದದ ಹೆಸರಿತ್ತು. ಜನ ಮಾತ್ರ ಕೊನೆಯವರೆಗೂ ದೊಡ್ಡಿ ಅಂತಲೇ ಕರೆದರು, ಆ ವೈದ್ಯೆಯನ್ನು ಡಾಕ್ಟರಮ್ಮ ಅಂದರು. ನಾಯಿ ಹಿಡಿಯುವುದು, ತೊಳೆಯುವುದು, ಬಿದ್ದ ಹಸುವನ್ನು ಎತ್ತಿ ನಿಲ್ಲಿಸುವುದು, ಜೀಪು ಓಡಿಸುವುದು, ಎಲ್ಲ ನಾನು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ದೊಡ್ಡಿ ನಡೆದದ್ದೇ ನನ್ನಿಂದ.

ಈಗ ಅಲ್ಲಿ ದೊಡ್ಡಿ ಇಲ್ಲ. ಆದರೆ ಬಾಡಿಗೆ ಜೀಪು ಓಡಿಸಿಕೊಂಡು ಆ ದಾರಿಯಲ್ಲಿ ಹೋಗುವಾಗ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಹಿಂದೆ ಕೂತವರು ಕೇಳುತ್ತಾರೆ, "ಏನಾಯ್ತು, ಆನೆಯಾ?" "ಇಲ್ಲ, ಹಳೇ ಆಫೀಸು" ಅನ್ನುತ್ತೇನೆ.

ಬಾಯಿಗೆ ಬೀಗ

ನಮ್ಮೂರು ಶನಿವಾರಸಂತೆಯ ಕಡೆ. ನನ್ನನ್ನು ಸಾಕಿದ್ದು ಅಜ್ಜಿ. ಅವಳು ಗದ್ದೆಯ ಬದುವಿನ ಮೇಲೆ ನಿಂತು ನನ್ನನ್ನು ಊಟಕ್ಕೆ ಕರೆದರೆ ಪಕ್ಕದೂರಿನ ಹುಡುಗರೂ ಕೈ ತೊಳೆದುಕೊಳ್ಳುತ್ತಿದ್ದರು. "ಏಯ್ ಮುಂಡೇದೇ! ಎಲ್ಲಿ ಸಾಯಕ್ಕೋಗಿದ್ದೆ? ಬಂದು ಮುಕ್ಕು ಬಾ!" ಇದು ಕೋಪವಲ್ಲ, ಆಮಂತ್ರಣ. ಅಜ್ಜಿ ನನ್ನ ಹೆಸರು ಹಿಡಿದು ಮೆತ್ತಗೆ ಕರೆದಾಗ ಮಾತ್ರ ನಾನು ಓಡಿಹೋಗಿ ಅಟ್ಟ ಹತ್ತುತ್ತಿದ್ದೆ. ಆ ಬಾಯಿ ಪೂರ್ತಿ ನನಗೇ ಬಂದಿದೆ. ನಮ್ಮ ಸುತ್ತಿನಲ್ಲಿ ನನ್ನಷ್ಟು ಚೆನ್ನಾಗಿ ಬೈಯುವ ಗಂಡಸು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೆಲಸ ಕೇಳಲು ಹೋದ ದಿನ ಡಾಕ್ಟರಮ್ಮ, "ಏನಪ್ಪ ಅನುಭವ ಇದೆ?" ಅಂದರು.

"ನಾನೊಂದು ಸಲ ಕೂಗಿದರೆ ಗುಡ್ಡದಾಚೆ ಹೋದ ಎಮ್ಮೆ ವಾಪಸು ಬರುತ್ತೆ, ಡಾಕ್ಟರಮ್ಮ."

ಅವತ್ತೇ ಕೆಲಸ ಕೊಟ್ಟರು. ಅವತ್ತು ಮಧ್ಯಾಹ್ನವೇ ಒಂದು ನಾಯಿ ಅನ್ನದ ಬಕೆಟ್ಟು ಉರುಳಿಸಿತು. ನಾನು ಬಾಯಿ ತೆರೆದೆ. ಪೂರ್ತಿಯಾಗಿ ಕೂಡ ಅಲ್ಲ, ಕಾಲು ಭಾಗ. ಡಾಕ್ಟರಮ್ಮ ಸಿರಿಂಜು ಹಿಡಿದುಕೊಂಡೇ ಹೊರಗೆ ಓಡಿಬಂದರು.

"ಇಲ್ಲಿರುವ ಪ್ರಾಣಿಗಳೆಲ್ಲ ಎಲ್ಲೆಲ್ಲೋ ಬೈಸಿಕೊಂಡು, ಹೊಡೆಸಿಕೊಂಡು ಬಂದಿವೆ. ಈ ಗೇಟಿನ ಒಳಗೆ ಬೈಗುಳ ಇಲ್ಲ. ಚಿನ್ನ, ಬಂಗಾರ, ಪುಟ್ಟ, ಇಷ್ಟೇ."

"ನಾನು ಬೈದಿಲ್ಲ ಡಾಕ್ಟರಮ್ಮ, ಮಾತಾಡಿಸಿದೆ."

"ಹಾಗಾದರೆ ಮಾತಾಡಿಸಬೇಡ."

ಕೆಲಸ ಬೇಕಿತ್ತು, ಒಪ್ಪಿಕೊಂಡೆ. ಸ್ವಲ್ಪ ದಿನ ಕಳೆದ ಮೇಲೆ ನಮ್ಮೂರಿನ ಗೆಳೆಯರು ನನ್ನನ್ನು ನೋಡಲು ಬಂದರು. ಗೇಟು ಹಾಕಿತ್ತು. ಒಳಗೆ ನಾನು ಕಾಲು ಮುರಿದ ಹೆಣ್ಣು ನಾಯಿಯೊಂದಕ್ಕೆ ಅನ್ನ ತಿನ್ನಿಸುತ್ತಿದ್ದೆ. "ಬಾ ಚಿನ್ನ, ಒಂದೇ ಒಂದು ತುತ್ತು. ಕೋಪಾನಾ ಬಂಗಾರ? ಇರು, ಕಾಲು ಒತ್ತಿ ಕೊಡ್ತೀನಿ." ಗೆಳೆಯರು ಗೇಟು ತಟ್ಟದೆ ಹಾಗೇ ವಾಪಸು ಹೋದರು. ಊರೆಲ್ಲ ಸುದ್ದಿಯಾಯಿತು: ನಾನು ಯಾರಿಗೂ ಹೇಳದೆ ಮದುವೆಯಾಗಿದ್ದೇನೆ, ಹೆಂಡತಿ ಮುನಿಸಿಕೊಂಡಿದ್ದಾಳೆ.

ಅಜ್ಜಿ ಯಾರದ್ದೋ ಫೋನಿನಿಂದ ಫೋನು ಮಾಡಿಸಿದಳು. ನಾನು ಎಲ್ಲ ಬಿಡಿಸಿ ಹೇಳಿದೆ. ನಾಯಿ ಅಂದೆ, ಮುರಿದ ಕಾಲು ಅಂದೆ, ರೂಲ್ಸು ಅಂದೆ. ಅವಳು ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು.

"ಮುಂಡೇದೇ, ಕಾಲು ಒತ್ತೋ ಹಂಗಿದ್ರೆ ಮೊದ್ಲು ಬಂದು ನಂದು ಒತ್ತು."

ಪೈರು ಮೇಯ್ದ ಹಸು

ಬೋರ್ಡು ಬದಲಾದರೂ ಹಳಬರ ತಲೆಯಲ್ಲಿ ಅದು ಇನ್ನೂ ದನದ ದೊಡ್ಡಿಯೇ. ಒಂದು ಬೆಳಿಗ್ಗೆ ಹತ್ತಿರದ ಗದ್ದೆಯ ತಾತ ಒಬ್ಬರು ಪಕ್ಕದ ಮನೆಯವರ ಹಸುವನ್ನು ಹೊಡೆದುಕೊಂಡು ಬಂದರು. "ನನ್ನ ಪೈರು ಮೇಯ್ದಿದೆ. ಕೂಡಾಕು. ಅವ್ನು ಬಂದು ಕಾಲಿಗೆ ಬೀಳೋವರ್ಗೂ ಬಿಡಬ್ಯಾಡ."

ಈಗ ಹಾಗೆಲ್ಲ ಇಲ್ಲ ತಾತ ಅಂತ ನಾನು ಹೇಳುವಷ್ಟರಲ್ಲಿ ಡಾಕ್ಟರಮ್ಮ ಹಸುವಿನ ಗೊರಸು ನೋಡಿ, "ಅಯ್ಯೋ ಪಾಪ, ಹುಣ್ಣಾಗಿದೆ" ಅಂದುಬಿಟ್ಟರು. ಹಸು ಒಳಗೆ ಬಂತು. ಗೊರಸಿಗೆ ಔಷಧಿ, ಹೊಟ್ಟೆ ಹುಳುವಿಗೆ ಗುಳಿಗೆ, ಮೈಯಲ್ಲಿದ್ದ ಉಣ್ಣೆ ಎಲ್ಲ ತೆಗೆದು ಸ್ನಾನ, ಎರಡು ಹೊತ್ತು ಹಿಂಡಿ. ಸಂಜೆ ಜಗಳಕ್ಕೆ ಸಿದ್ಧವಾಗಿ ಬಂದ ಹಸುವಿನ ಯಜಮಾನ ಅದನ್ನು ನೋಡಿ ಗುರುತೇ ಹಿಡಿಯಲಿಲ್ಲ. ಆಮೇಲೆ ಕೈ ಮುಗಿದು ಹೊಡೆದುಕೊಂಡು ಹೋದ. ಹೋಗುತ್ತಾ ಆ ತಾತನಿಗೂ ಕೈ ಮುಗಿದನಂತೆ. ತಾತನಿಗೆ ಅದೇ ಉರಿದದ್ದು.

ಮಾರನೇ ಬೆಳಿಗ್ಗೆ ತಾತ ಮತ್ತೆ ಬಂದರು, ಕೈಯಲ್ಲಿ ಬೇರೆ ಹಸುವಿನ ಹಗ್ಗ.

"ಇದೂ ನನ್ನ ಪೈರು ಮೇಯ್ದಿದೆ. ಕೂಡಾಕು."

"ಇದು ಯಾರ ಹಸು ತಾತ?"

ತಾತ ಆಚೆ ಈಚೆ ನೋಡಿದರು. "ನಂದೇ ಕಣೋ. ಹಿಂಡಿ ಜಾಸ್ತಿ ಹಾಕು."

ಬಾಲದ ಪರೀಕ್ಷೆ

ಈಗ ನನ್ನ ದೊಡ್ಡ ಸಾಧನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಒಂದು ಬಸ್ಸಿನಲ್ಲಿ ಕೂತರೆ ಸೀಟಿಗೊಂದು ಭಾಷೆ. ಮನುಷ್ಯರಿಗೇ ಹೀಗಾದರೆ ನಾಯಿಗೂ ಮನೆಮಾತು ಅಂತ ಒಂದು ಇರಬೇಕಲ್ಲ? ಇದನ್ನು ಕಂಡುಹಿಡಿದವನು ನಾನು. ತಪ್ಪಿಸಿಕೊಂಡ ನಾಯಿ ಬಂದರೆ ಅದರ ಮುಂದೆ ಕೂತು ಒಂದೊಂದೇ ಭಾಷೆಯಲ್ಲಿ ಕರೆಯುತ್ತಿದ್ದೆ. ಕನ್ನಡದಲ್ಲಿ ಕರೆದು, ಅರೆಭಾಷೆ ಮಾಡಿ, ಕೊಡವ ತಕ್ಕಿನಲ್ಲಿ ಕೇಳಿ, ಆಮೇಲೆ ತಮಿಳು, ಮಲಯಾಳಂ, ತುಳು, ಹಿಂದಿ: "ಇಂಗೆ ವಾ", "ಇವಿಡೆ ವಾ", "ಇಡೆ ಬಲ", "ಇಧರ್ ಆ". ಯಾವುದಕ್ಕೆ ಬಾಲ ಅಲ್ಲಾಡಿತೋ ಆ ಭಾಷೆಯವರ ಮನೆ, ಆ ಭಾಷೆಯವರ ಲೈನುಮನೆ ಹುಡುಕಿದರೆ ಯಜಮಾನ ಸಿಗುತ್ತಿದ್ದ. ತೋಟದ ಕೆಲಸಗಾರರ ಲೈನಿನಿಂದ ಬಂದ ಎಷ್ಟೋ ನಾಯಿಗಳನ್ನು ನಾನು ಹೀಗೆ ಮನೆ ಸೇರಿಸಿದ್ದೇನೆ. ಸುಂಟಿಕೊಪ್ಪದ ಟೀ ಅಂಗಡಿಯಲ್ಲಿ ನಾನು ಕೂತರೆ ಜನ ಜಾಗ ಬಿಡುತ್ತಿದ್ದರು.

ಒಂದು ಸಲ ಎತ್ತರದ ಫಾರಿನ್ ಜಾತಿಯ ನಾಯಿ ಬಂತು. ಕತ್ತಿನಲ್ಲಿ ಬೆಲ್ಟು, ಮೈಯಲ್ಲಿ ಶಾಂಪೂ ವಾಸನೆ. "ಇದಕ್ಕೆ ಇಂಗ್ಲಿಷೇ ಬೇಕು" ಅಂದರು ಡಾಕ್ಟರಮ್ಮ. ಅವರೇ ಇಂಗ್ಲಿಷಿನಲ್ಲಿ ಕರೆದರು. ಅದು ಆಕಳಿಸಿತು. ನಾನು ಸುಮ್ಮನೆ "ಇವಿಡೆ ವಾ" ಅಂದೆ ನೋಡಿ, ಹಾರಿ ಬಂದು ನನ್ನ ಮುಖ ನೆಕ್ಕಿತು. "ಮಲಯಾಳಿಗಳ ಮನೆ ನಾಯಿ" ಅಂತ ತೀರ್ಪು ಕೊಟ್ಟೆ.

ಮಾರನೇ ದಿನ ದೊಡ್ಡ ಮೀಸೆಯ ಕೊಡವ ತೋಟದ ಸಾಹುಕಾರರೊಬ್ಬರು ಬಂದರು. ನಾಯಿ ಅವರದ್ದೇ. ನನ್ನ ತೀರ್ಪು ಕೇಳಿ ಕೆಂಡವಾದರು. "ಮರಿಯಿಂದ ನಾನು ಇದರ ಹತ್ತಿರ ಇಂಗ್ಲಿಷ್ ಬಿಟ್ಟು ಮಾತಾಡಿಲ್ಲ!" ಅಂತ ಇಂಗ್ಲಿಷಿನಲ್ಲೇ ಕರೆದರು. ನಾಯಿ ಎದ್ದಿತು, ಬಾಲ ಅಲ್ಲಾಡಿಸಿತು, ಅವರನ್ನು ದಾಟಿಕೊಂಡು ಹೋಗಿ ಕಾರಿನಲ್ಲಿ ಕೂತಿದ್ದ ಅವರ ಅಡುಗೆಯವನ ಮಡಿಲಿಗೆ ಹಾರಿತು. ಅಡುಗೆಯವನು ಕಣ್ಣೂರಿನವನು.

"ಹಾಗಾದರೆ ನನ್ನ ನಾಯಿಗೋಸ್ಕರ ನಾನು ಮಲಯಾಳಂ ಕಲಿಯಬೇಕಾ?" ಅಂದರು ಸಾಹುಕಾರರು.

ಡಾಕ್ಟರಮ್ಮ ಬಹಳ ಮೃದುವಾಗಿ ಹೇಳಿದರು: "ಬೇಡ. ಅಡುಗೆ ಕಲಿತರೆ ಸಾಕು."

ಇಷ್ಟು ಹೆಸರು ಮಾಡಿದ ನನ್ನ ಮಾನ ಕಳೆದದ್ದು ಒಂದೇ ಒಂದು ನಾಯಿ. ಕೆಂಪು ಬಣ್ಣದ ಬಡಕಲು ಊರನಾಯಿ, ಕೆಂಚ ಅಂತ ನಾವಿಟ್ಟ ಹೆಸರು. ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತ್ತು. ಬಂದ ದಿನದಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿತು. ನನಗೆ ಗೊತ್ತಿದ್ದ ಭಾಷೆಯಲ್ಲೆಲ್ಲ ಚಿನ್ನ ಅಂದೆ, ಬಂಗಾರ ಅಂದೆ, ಮುದ್ದು ಅಂದೆ. ಕಿವಿ ಮಾತ್ರ ನನ್ನ ಕಡೆ ತಿರುಗುತ್ತಿತ್ತು, ಬಾಲ ಸತ್ತ ಹಗ್ಗದ ಹಾಗೆ ಬಿದ್ದಿರುತ್ತಿತ್ತು. ಎಲ್ಲರೂ ಆಚೆ ಹೋದ ಮೇಲೆ ಎದ್ದು ಎರಡು ತುತ್ತು ತಿನ್ನುತ್ತಿತ್ತು, ಅಷ್ಟೇ. ನಾಯಿ ಸಾಕಲು ಅಂತ ಬಂದವರು ಅದರ ಬೆನ್ನು ನೋಡಿ ಮುಂದಿನ ನಾಯಿಯ ಹತ್ತಿರ ಹೋಗುತ್ತಿದ್ದರು. ಟೀ ಅಂಗಡಿಯಲ್ಲಿ ಈಗ ಬೇರೆ ಪ್ರಶ್ನೆ: "ಏನಪ್ಪ ಪಂಡಿತ, ಕೆಂಚನ ಭಾಷೆ ಸಿಕ್ತಾ?"

"ಅದು ಚೈನಾದ ನಾಯಿ" ಅಂದುಬಿಟ್ಟೆ ಒಂದು ದಿನ. ಬೇರೆ ದಾರಿ ಇರಲಿಲ್ಲ.

ಭಾನುವಾರದ ಪ್ರಯಾಣಿಕ

ಹೋಂಸ್ಟೇಗೆ ಬರುವ ಬೆಂಗಳೂರಿನವರಿಗೆ ಒಂದು ದೊಡ್ಡ ಮನಸ್ಸು. ರಸ್ತೆಯಲ್ಲಿ ನಾಯಿ ಒಂಟಿಯಾಗಿ ನಿಂತಿದ್ದರೆ ಸಾಕು, ಅದು ತಪ್ಪಿಸಿಕೊಂಡಿದೆ ಅಂತ ಕಾರಿಗೆ ಹತ್ತಿಸಿಬಿಡುತ್ತಾರೆ. ಅಮ್ಮತ್ತಿಯಲ್ಲಿ ಒಂದು ಹಂದಿಮಾಂಸದ ಅಂಗಡಿಯ ಮುಂದೆ ಒಂದು ನಾಯಿ ಕೂರುತ್ತಿತ್ತು. ಮೂಳೆ ಸಿಗುವುದು ತಡವಾದರೆ ಅದು ಮಾಡುವ ಮುಖ ನೋಡಿದರೆ ಕಲ್ಲು ಕರಗಬೇಕು. ಒಂದು ಭಾನುವಾರ ಯಾರೋ ಕಣ್ಣೀರು ಹಾಕುತ್ತಾ ಅದನ್ನು ನಮ್ಮ ದೊಡ್ಡಿಗೆ ತಂದು ಬಿಟ್ಟರು. ನಾನು ಅಂಗಡಿಯವರಿಗೆ ಫೋನು ಮಾಡಿ, ಅಮ್ಮತ್ತಿ ಕಡೆ ಹೋಗುವ ಗುರುತಿನವರ ಗಾಡಿಯಲ್ಲಿ ವಾಪಸು ಕಳಿಸಿದೆ. ಮುಂದಿನ ಭಾನುವಾರ ಬೇರೆ ಕಾರು, ಅದೇ ನಾಯಿ. ಅದರ ಮುಂದಿನ ವಾರವೂ ಅದೇ. ನಾಯಿಗೆ ರುಚಿ ಹತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ನಗುತ್ತಾ ಬರುತ್ತಿತ್ತು.

"ಕಟ್ಟಿಹಾಕಿ ಸಾರ್" ಅಂದೆ ಫೋನಿನಲ್ಲಿ.

"ಯಾಕೆ ಮಾರಾಯ, ವಾರಕ್ಕೊಂದು ಟೂರು ಹೋಗ್ಲಿ ಬಿಡು" ಅಂದರು ಅಂಗಡಿಯವರು. ಸ್ವಲ್ಪ ಯೋಚಿಸಿ, "ಅಲ್ಲ, ಸುಂಟಿಕೊಪ್ಪಕ್ಕೇ ಬರುತ್ತಲ್ಲಾ?" ಅಂದರು.

ಮುಂದಿನ ಭಾನುವಾರ ಕಾರಿನಿಂದ ಒಬ್ಬ ಹೆಂಗಸು ಬಿಕ್ಕುತ್ತಾ ಇಳಿದರು. ನಾಯಿಯ ಕತ್ತಿನಲ್ಲಿ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. "ನೋಡಿ, ಎಂಥ ಕಟುಕರು! ಪಾಪದ ಪ್ರಾಣಿಯನ್ನು ಸಾಮಾನು ಸಮೇತ ಹೊರಗೆ ಹಾಕಿದ್ದಾರೆ!"

ಚೀಲ ಬಿಚ್ಚಿದೆ. ಒಂದು ಬಾಟಲಿ ಕಾಚಂಪುಳಿ, ಹಂದಿಸಾರಿಗೆ ಹಾಕುವ ನಮ್ಮ ಕಪ್ಪು ಹುಳಿ. ಜೊತೆಯಲ್ಲೇ ಅಂಗಡಿಯವರ ಫೋನು ಬಂತು. "ತಲುಪಿತಾ? ಸುಂಟಿಕೊಪ್ಪದಲ್ಲಿ ನನ್ನ ತಂಗಿ ಇದ್ದಾಳೆ, ಬಂದು ತಗೊಳ್ತಾಳೆ. ಹೋದ ವಾರ ಕೊರಿಯರಿನವನು ಬಾಟಲಿ ಒಡೆದ. ಈ ಬೆಂಗಳೂರಿನವರು ಭಾರೀ ಜೋಪಾನ."

ವ್ಯಾನು ಬಂದ ದಿನ

ಆ ಮಳೆಗಾಲದಲ್ಲಿ ನನ್ನ ಅಜ್ಜಿ ತೀರಿಕೊಂಡಳು. ಅದರ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಊರಿಂದ ವಾಪಸು ಬಂದಾಗ ಡಾಕ್ಟರಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಆಮೇಲೆ ಎಲ್ಲರೂ ನನ್ನನ್ನು ಹೆಸರು ಹಿಡಿದೇ ಕರೆದರು. ಮುಂಡೇದೇ ಅನ್ನುವವರು ಯಾರೂ ಉಳಿಯಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ದೊಡ್ಡಿಯ ಜಾಗ ಬೇರೆ ಕೆಲಸಕ್ಕೆ ಬೇಕಾಯಿತು. ಡಾಕ್ಟರಮ್ಮನಿಗೂ ಮಂಡಿನೋವು, ಇನ್ನು ಸಾಕು ಅಂದರು. ಒಂದೊಂದೇ ಪ್ರಾಣಿಗೆ ಮನೆ ಹುಡುಕಿದೆವು. ಉಳಿದವನ್ನು ಮೈಸೂರಿನ ಆಚೆ ಇರುವ ಒಂದು ದೊಡ್ಡ ಆಶ್ರಯಕ್ಕೆ ಕಳಿಸುವುದು ಅಂತ ಆಯಿತು. ಒಳ್ಳೇ ಜಾಗವೇ. ಆದರೆ ಅಲ್ಲಿ ನೂರಾರು ನಾಯಿ. ಕೆಂಚನ ಹಾಗೆ ಗೋಡೆ ನೋಡಿಕೊಂಡು ಮಲಗುವ ನಾಯಿ ಅಲ್ಲಿಗೆ ಹೋದರೆ ಗೋಡೆ ನೋಡಿಕೊಂಡೇ ಸಾಯುತ್ತದೆ. ಇದು ನನಗೂ ಗೊತ್ತಿತ್ತು, ಡಾಕ್ಟರಮ್ಮನಿಗೂ ಗೊತ್ತಿತ್ತು. ಅದರ ಮನೆ ಎಲ್ಲೋ ಇದೆ ಅಂತ ಆ ಕಿವಿ ನೋಡಿದರೇ ತಿಳಿಯುತ್ತಿತ್ತು. ಯಾವುದೋ ಒಂದು ದನಿಗೆ ಅದು ಕಾಯುತ್ತಿತ್ತು.

ವ್ಯಾನು ಬಂತು. ಬೇರೆ ನಾಯಿಗಳೆಲ್ಲ ಹತ್ತಿದವು. ಕೆಂಚ ಮಾತ್ರ ಕಾಲು ನೆಲಕ್ಕೆ ಊರಿ ನಿಂತಿತು. "ಬಾ ಚಿನ್ನ" ಅಂದೆ. ಬರಲಿಲ್ಲ. "ಬಂಗಾರ, ಬಾರೋ" ಅಂದೆ. ನನ್ನ ಮುಂಗೈ ಕಚ್ಚಿ, ಅನ್ನದ ಬಕೆಟ್ಟು ಉರುಳಿಸಿ, ಗೇಟು ದಾಟಿ ರಸ್ತೆಗೆ ಓಡಿತು. ಎದುರಿಗೆ ಮರ ತುಂಬಿದ ಲಾರಿ ಬರುತ್ತಿದೆ. ಆಗ ರೂಲ್ಸು ಎಲ್ಲಿ ನೆನಪಿರುತ್ತದೆ? ಅಷ್ಟು ದಿನ ಬಾಯಲ್ಲಿ ಕಟ್ಟಿಹಾಕಿದ್ದೆಲ್ಲ ಬಿಚ್ಚಿಕೊಂಡಿತು.

"ಏಯ್ ಮುಂಡೇದೇ! ಎಲ್ಲಿ ಸಾಯಕ್ಕೋಗ್ತಿದ್ದೀಯಾ? ಬಂದು ಮುಕ್ಕು ಬಾ!"

ಲಾರಿ ನಿಂತಿತು. ವ್ಯಾನಿನ ಡ್ರೈವರ್ ಕೆಳಗಿಳಿದು ಕೈ ಕಟ್ಟಿಕೊಂಡ. ಕೆಂಚ ತಿರುಗಿತು. ಬಾಲ ಮೊದಲು ಸ್ವಲ್ಪ, ಆಮೇಲೆ ಇಡೀ ಸೊಂಟ ಸೇರಿ ಅಲ್ಲಾಡಿತು. ಓಡಿಬಂದು ನನ್ನ ಕಾಲಿನ ಮೇಲೆ ಕೂತು, ಊಟ ಎಲ್ಲಿ ಅನ್ನುವ ಹಾಗೆ ಮುಖ ನೋಡಿತು.

ಡಾಕ್ಟರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. "ಇನ್ನೊಂದು ಸಲ ಬೈ" ಅಂದರು. ಬೈದೆ. ಬಾಲ ಮುರಿದೇಹೋಗುತ್ತದೇನೋ ಅನ್ನುವ ಹಾಗೆ ಕುಣಿಯಿತು. "ಇರು, ನಾನೊಂದು ಸಲ ನೋಡ್ತೀನಿ" ಅಂತ ಅವರು ಗಂಟಲು ಸರಿಮಾಡಿಕೊಂಡರು. ಜೀವನದಲ್ಲಿ ಮೊದಲ ಬೈಗುಳ ಅದು. "ಮುಂಡೇದೇ... ದಯವಿಟ್ಟು ಬಾಪ್ಪ."

ಕೆಂಚ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಸಂತೆ

"ಇದು ನಮ್ಮ ಕಡೆಯ ನಾಯಿ" ಅಂದೆ. "ಹೀಗೆ ಊಟಕ್ಕೆ ಕರೆಯುವವರು ನಮ್ಮ ಶನಿವಾರಸಂತೆ ಸುತ್ತಿನವರೇ. ಸಂತೆಗೆ ಸುತ್ತ ಹಳ್ಳಿಯವರೆಲ್ಲ ಬರುತ್ತಾರೆ." ವ್ಯಾನು ಕೆಂಚನನ್ನು ಬಿಟ್ಟು ಹೋಯಿತು. ಶನಿವಾರ ಜೀಪಿನಲ್ಲಿ ನಾನು, ಡಾಕ್ಟರಮ್ಮ, ಹಿಂದೆ ಕೆಂಚ. ಸಿಗದಿದ್ದರೆ ಸೋಮವಾರ ಮೈಸೂರು, ಇದು ಒಪ್ಪಂದ.

ಸಂತೆಯಲ್ಲಿ ಸಾಲು ಸಾಲಾಗಿ ನಡೆಸಿದೆ. ಸೊಪ್ಪಿನ ಸಾಲು, ಒಣಮೀನಿನ ಸಾಲು, ಬಳೆಯವರು, ಕೋಳಿಯವರು. ಯಾರೂ ಗುರುತು ಹಿಡಿಯಲಿಲ್ಲ. ಡಾಕ್ಟರಮ್ಮ ಮಂಡಿ ಹಿಡಿದುಕೊಂಡು, "ಸಾಕಪ್ಪ, ಹೋಗೋಣ" ಅಂದರು. ಅಷ್ಟರಲ್ಲಿ ಹಸಿಮೆಣಸಿನಕಾಯಿಯ ಸಾಲಿನ ಕಡೆಯಿಂದ ಒಂದು ದನಿ. ಗಿರಾಕಿಯೊಬ್ಬನಿಗೆ ಮಂಗಳಾರತಿ ನಡೆಯುತ್ತಿತ್ತು. "ಮೆಣಸಿನಕಾಯಿ ಮುರ್ದು ಮುರ್ದು ನೋಡ್ತೀಯಲ್ಲ, ನಿನ್ನ ಕೈ ಸೇದೋಗ! ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ನಡಿ!"

ಕೆಂಚ ಹಗ್ಗ ಕಿತ್ತುಕೊಂಡು ಹೋದ ರಭಸಕ್ಕೆ ನಾನು ಟೊಮೆಟೊ ರಾಶಿಯ ಮೇಲೆ ಬಿದ್ದೆ. ಎದ್ದು ನೋಡಿದರೆ ಮೆಣಸಿನಕಾಯಿ ಮೂಟೆಗಳ ಮಧ್ಯೆ ಸಣ್ಣ ಅಜ್ಜಿಯೊಬ್ಬಳು ಕೂತಿದ್ದಾಳೆ, ಕೆಂಚ ಅವಳ ಸೆರಗಿನೊಳಗೆ ತಲೆ ತೂರಿಸಿದೆ. ಅಜ್ಜಿ ತಕ್ಕಡಿ ಕೆಳಗಿಟ್ಟು ಎರಡೂ ಕೈಯಲ್ಲಿ ಅದರ ತಲೆ ಹಿಡಿದುಕೊಂಡಳು. ಆಮೇಲೆ ಹೊರಟಿತು ನೋಡಿ ಬೈಗುಳ. ನಾಯಿಗೆ, ನಾಯಿಯ ಅಪ್ಪನಿಗೆ, ಅದನ್ನು ಕರೆದುಕೊಂಡು ಹೋದವರ ವಂಶಕ್ಕೆ. ಬೈಯುತ್ತಲೇ ಅದರ ಕಿವಿ, ಪಕ್ಕೆ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ನಾನೇ ಬೈಗುಳದಲ್ಲಿ ಮುಂದು ಅಂದುಕೊಂಡಿದ್ದೆ. ಆ ಅಜ್ಜಿಯ ಮುಂದೆ ನಾನಿನ್ನೂ ಅಂಗನವಾಡಿ.

"ಮೂಟೆ ಮೇಲೆ ಮಲಗೋದೇ ಇದ್ರ ಚಾಳಿ ಕಣವ್ವ" ಅಂದಳು ಡಾಕ್ಟರಮ್ಮನಿಗೆ, ಕಣ್ಣು ಒರೆಸಿಕೊಳ್ಳುತ್ತಾ. "ವ್ಯಾಪಾರಿ ಗಾಡಿಗೆ ಮೂಟೆ ಹೇರ್ದಾಗ ಇದೂ ಅದ್ರ ಜೊತೆ ಹೋಗ್ಬುಟ್ಟದೆ. ಪ್ರತಿ ಸಂತೆಗೂ ಇದ್ರ ಪಾಲಿನ ರೊಟ್ಟಿ ಕಟ್ಕೊಂಡು ಬತ್ತಿದ್ದೆ."

"ಇದರ ಹೆಸರೇನಜ್ಜಿ?"

"ನಾಯಿಗೆ ಎಂಥ ಹೆಸ್ರವ್ವ?"

ಕೆಲಸ ಮುಗಿದಿತ್ತು. ಕೆಂಚ ತನ್ನ ಮೂಟೆಗಳನ್ನು ಒಂದೊಂದಾಗಿ ಮೂಸಿ ನೋಡುತ್ತಾ ಆ ತುದಿಗೆ ಹೋಗಿತ್ತು. ನಾನು ಬೆನ್ನು ತಿರುಗಿಸಿ ಜೀಪಿನ ಕಡೆ ಹೊರಟೆ. ಮೆಣಸಿನಕಾಯಿ ಘಾಟು ಬಹಳ ಇತ್ತು, ಕಣ್ಣು ಉರಿಯುತ್ತಿತ್ತು. ಹಿಂದಿನಿಂದ ದನಿ ಬಂತು.

"ಏಯ್ ಮುಂಡೇದೇ! ಎಲ್ಲಿ ಸಾಯಕ್ಕೋಯ್ತಿದ್ದೀಯಾ? ಬಂದು ಮುಕ್ಕು ಬಾ!"

ನನಗೆ ಗೊತ್ತಾಗುವ ಮೊದಲೇ ನನ್ನ ಕಾಲು ತಿರುಗಿತ್ತು. ಹೋಗಿ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅದೇ ಹೊತ್ತಿಗೆ ಕೆಂಚನೂ ಬಂದು ನನ್ನ ಪಕ್ಕ ಕೂತಿತು. ಅಜ್ಜಿ ಅಕ್ಕಿರೊಟ್ಟಿಯ ಗಂಟು ಬಿಚ್ಚುತ್ತಾ ತಲೆಯೆತ್ತಿ ನೋಡಿದಳು. ಎದುರಿಗೆ ಎರಡು ಬಾಯಿ.

"ನಾನು ಕರ್ದಿದ್ದು ನಾಯಿನ ಕಣೋ. ನೀನ್ಯಾಕೋ ಬಂದೆ?"

ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ರೊಟ್ಟಿ ಎರಡು ಮಾಡಿ ದೊಡ್ಡ ಚೂರು ನನ್ನ ಕೈಯಲ್ಲಿಟ್ಟಳು. ತಿಂದೆ. ಇನ್ನೊಂದು ಕೊಟ್ಟಳು. ಅದನ್ನೂ ತಿಂದೆ. ಮೂರನೆಯದಕ್ಕೆ ಕೈ ಚಾಚಿದೆ.

ಡಾಕ್ಟರಮ್ಮ ನಗು ತಡೆಯಲಾರದೆ, "ಅಜ್ಜಿ, ಇದೂ ನಿಮ್ಮ ಕಡೆಯದ್ದೇ. ಬೈದರೆ ಬರುತ್ತೆ. ನಮ್ಮ ದೊಡ್ಡಿ ಮುಚ್ಚುತ್ತಿದ್ದೀವಿ, ಇದನ್ನೂ ಇಟ್ಕೊಳ್ತೀರಾ?" ಅಂದರು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಖಾಲಿಯಾದ ರೊಟ್ಟಿಯ ಬಟ್ಟೆಯನ್ನು ನೋಡಿದಳು.

"ಬ್ಯಾಡ ಕಣವ್ವ" ಅಂದಳು. "ನಾಯಿ ಆದ್ರೆ ಒಂದು ರೊಟ್ಟಿಗೆ ಸುಮ್ನಾಯ್ತದೆ."